ಎಚ್‌ಐವಿ ನೆಗೆಟಿವ್ ಬಂದರೆ ಸಾಕೇ?

ಪ್ರಶ್ನೆ: ನಾಪೋಕ್ಲು ಕಡೆಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮೊನ್ನೆ ರೋಗಿಯ ರಕ್ತ ತೆಗೆದು ಸೂಜಿಗೆ ಮುಚ್ಚಳ ಹಾಕುವಾಗ ಬೆರಳಿಗೆ ಚುಚ್ಚಿತು. ಬೆರಳು ಹಿಂಡಿ ಸ್ಪಿರಿಟ್ ಹಚ್ಚಿದೆ. ರೋಗಿಯ ಎಚ್‌ಐವಿ ವರದಿ ನೆಗೆಟಿವ್ ಬಂದಿದೆ. ಹೆಪಟೈಟಿಸ್ ಬಿ ಲಸಿಕೆ ಎರಡು ವರ್ಷದ ಹಿಂದೆ ಎರಡೇ ಡೋಸ್ ಹಾಕಿಸಿಕೊಂಡಿದ್ದೆ. ಇನ್ನು ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಇಲ್ಲ, ಅರ್ಧ ಕೆಲಸ ಬಾಕಿ ಇದೆ. ಸೂಜಿ ಚುಚ್ಚಿದೊಡನೆ ಎಲ್ಲರ ಮನಸ್ಸೂ ಎಚ್‌ಐವಿಯತ್ತಲೇ ಓಡುತ್ತದೆ. ಆದರೆ ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ಅಂಟುವುದು ಸಾವಿರದಲ್ಲಿ ಸುಮಾರು 3 ಮಂದಿಗೆ. ಲಸಿಕೆಯ ರಕ್ಷಣೆ ಇಲ್ಲದವರಿಗೆ ಹೆಪಟೈಟಿಸ್ ಬಿ ಅಂಟುವುದು ನೂರರಲ್ಲಿ 6ರಿಂದ 30 ಮಂದಿಗೆ. ಎರಡು ಡೋಸಿಗೇ ನಿಂತವರನ್ನು ಪೂರ್ಣ ರಕ್ಷಣೆ ಉಳ್ಳವರೆಂದು ಲೆಕ್ಕ ಹಿಡಿಯುವಂತಿಲ್ಲ.

ಇವತ್ತೇ ರೋಗಿಯ ಒಪ್ಪಿಗೆ ಪಡೆದು ಎಚ್‌ಬಿಎಸ್‌ಎಜಿ (ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೇ ಎಂದು ತಿಳಿಸುವ ಪರೀಕ್ಷೆ) ಮತ್ತು ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿ. ನಿಮ್ಮ ರಕ್ತವನ್ನೂ ಕೊಡಿ. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ, ಅಥವಾ ರೋಗಿ ಸಿಗದೇ ಹೋದರೆ, ಹೆಪಟೈಟಿಸ್ ಬಿ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕು. 24 ಗಂಟೆಯೊಳಗೆ ಕೊಟ್ಟರೆ ಉತ್ತಮ, 7 ದಿನ ದಾಟಬಾರದು. ಮೂರನೇ ಡೋಸ್ ಲಸಿಕೆಯನ್ನಂತೂ ವರದಿ ಏನೇ ಬರಲಿ ಈಗಲೇ ಹಾಕಿಸಿಕೊಳ್ಳಿ, ಮೊದಲಿನಿಂದ ಶುರು ಮಾಡಬೇಕಿಲ್ಲ. ಎರಡನ್ನೂ ಒಂದೇ ದಿನ ಕೊಡುವುದಾದರೆ ಬೇರೆ ಬೇರೆ ಜಾಗಕ್ಕೆ ಚುಚ್ಚಬೇಕು. ಒಂದೆರಡು ತಿಂಗಳ ಬಳಿಕ ಆಂಟಿ-ಎಚ್‌ಬಿಎಸ್ (ಹೆಪಟೈಟಿಸ್ ಬಿ ವಿರುದ್ಧ ರಕ್ಷಿಸುವ ಪ್ರತಿಕಾಯ) ಮಟ್ಟ 10 mIU/mL ಅಥವಾ ಹೆಚ್ಚು ಇದೆಯೇ ನೋಡಿಸಿ. ಇಮ್ಯುನೋಗ್ಲಾಬ್ಯುಲಿನ್ ಪಡೆದಿದ್ದರೆ 6 ತಿಂಗಳು ಕಾಯಿರಿ, ಇಲ್ಲವಾದರೆ ಹೊರಗಿಂದ ಬಂದ ಪ್ರತಿಕಾಯವೇ ಲೆಕ್ಕಕ್ಕೆ ಬಂದುಬಿಡುತ್ತದೆ.

ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಆದರೆ ಬೇಗ ಪತ್ತೆಯಾದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ಗುಣವಾಗುತ್ತದೆ.

ಚುಚ್ಚಿದ ಬೆರಳನ್ನು ಹಿಂಡಬೇಡಿ, ಬಾಯಿಗೂ ಇಡಬೇಡಿ. ಹಿಂಡಿದರೆ ಸುತ್ತಲ ಚರ್ಮ ಜಜ್ಜುತ್ತದೆ, ವೈರಸ್ ಹೊರಬರುವುದಿಲ್ಲ. ಸ್ಪಿರಿಟ್ ಗಾಯವನ್ನು ಕೆರಳಿಸುತ್ತದೆ. ಹರಿಯುವ ನೀರು, ಸೋಪು ಸಾಕು.

ಮುಂದೆಂದಾದರೂ ಹೀಗಾಗಿ, ರೋಗಿಯ ಎಚ್‌ಐವಿ ಸ್ಥಿತಿ ಗೊತ್ತಿಲ್ಲದಿದ್ದರೆ, ವರದಿಗೆ ಕಾಯದೆ ವೈದ್ಯರನ್ನು ಕೇಳಿ ತಡೆ ಮಾತ್ರೆಯ ಮೊದಲ ಡೋಸ್ ನುಂಗಿ. 2 ಗಂಟೆಯೊಳಗಾದರೆ ಒಳ್ಳೆಯದು. 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ರೋಗಿ ನೆಗೆಟಿವ್ ಎಂದಾದರೆ ನಿಲ್ಲಿಸಬಹುದು, ಇಲ್ಲದಿದ್ದರೆ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಕಕ್ಕಡದ (ಜುಲೈ–ಆಗಸ್ಟ್‌ನ) ಮಳೆಗೆ ಭಾಗಮಂಡಲ–ನಾಪೋಕ್ಲು ರಸ್ತೆ ಮೇಲೆ ಕಾವೇರಿ ಹರಿಯುವ ನಿಮ್ಮ ಕಡೆ, ಮಡಿಕೇರಿಗೆ ಹೋಗಿ ತರುತ್ತೇನೆಂದು ಕೂರುವುದು ಅಪಾಯ. ಕೆಲವು ಡೋಸ್‌ಗಳನ್ನು ನಿಮ್ಮ ಆಸ್ಪತ್ರೆಯಲ್ಲೇ ಇಡುವಂತೆ ವೈದ್ಯಾಧಿಕಾರಿಯನ್ನು ಒತ್ತಾಯಿಸಿ.

ಬಳಸಿದ ಸೂಜಿಗೆ ಮುಚ್ಚಳ ಹಾಕುವ ರೂಢಿ ಹುಟ್ಟುವುದೇ ಸೂಜಿ ಎಸೆಯುವ ಡಬ್ಬಿ ದೂರವಿರುವುದರಿಂದ. ಹಬ್ ಕಟರ್ (ಸಿರಿಂಜಿನಿಂದ ಸೂಜಿ ಕತ್ತರಿಸುವ ಸಾಧನ) ಮತ್ತು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿ ಕೈಗೆಟುಕುವಂತೆ ಹಾಸಿಗೆ ಪಕ್ಕಕ್ಕೇ ಬರಲಿ. ಮುಕ್ಕಾಲು ತುಂಬಿದೊಡನೆ ಬದಲಿಸಿ.