ಟ್ರ್ಯಾಕಿಗೆ 17 ಇಂಚಿನ ರಿಮ್ ಬೇಡ, 16ರಲ್ಲೇ ಇರಿ

ದಾವಣಗೆರೆಯಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಒಯ್ಯುವ ಪೋಲೋ ಕಾರಿಗೆ 195/55 ಆರ್16 ಟೈರ್ (ಅಗಲ 195 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ 55, ರಿಮ್ 16 ಇಂಚು) ತೆಗೆದು 215/45 ಆರ್17 ಹಾಕಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹೊರವ್ಯಾಸ 621ರಿಂದ 625 ಮಿ.ಮೀ.ಗೆ ಏರುತ್ತದೆ, ಅದೇನೂ ತೊಂದರೆಯಲ್ಲ. ಆದರೆ ದೊಡ್ಡ ರಿಮ್ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಸ್ಪ್ರಿಂಗಿನ ಕೆಳಗಿನ ತೂಕ (ಚಕ್ರ, ಟೈರ್, ಬ್ರೇಕಿನಂಥವುಗಳದ್ದು) ಹೆಚ್ಚಿದಷ್ಟೂ ಉಬ್ಬುತಗ್ಗುಗಳಲ್ಲಿ ಟೈರಿನ ಹಿಡಿತ ತಪ್ಪುತ್ತದೆ, ಬ್ರೇಕಿಗೂ ಹೊರೆ.

7 ಇಂಚು ಅಗಲದ ಹಗುರ ರಿಮ್‌ಗೆ 205/50 ಆರ್16 ಹಾಕಿಸಿ. ವ್ಯಾಸ 611 ಮಿ.ಮೀ.ಗೆ ಇಳಿಯುವುದರಿಂದ ಎಳೆತ ಸ್ವಲ್ಪ ಚುರುಕಾಗುತ್ತದೆ. ಸ್ಪೀಡೋಮೀಟರ್ ಶೇ 1.5ರಷ್ಟು ಹೆಚ್ಚು ತೋರಿಸುತ್ತದೆ. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖದವರೆಗಿನ ಅಂತರ) ಮೂಲ ರಿಮ್ಮಿನದಕ್ಕೆ ಹತ್ತಿರವೇ ಇರಲಿ. ಹಣ ಕೊಡುವ ಮುನ್ನ ಪಿ.ಬಿ. ರಸ್ತೆಯ ಅಂಗಡಿಯಲ್ಲೇ ಒಂದು ಚಕ್ರ ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ಕಣ್ಣಾರೆ ನೋಡಿ. ಉಳಿದ ಹಣಕ್ಕೆ ಒಳ್ಳೆಯ ಬ್ರೇಕ್ ಪ್ಯಾಡ್ ಕೊಳ್ಳಿ.