ಮೊದಲು ಬಂದದ್ದು ಯಾವುದು?

ನಮಸ್ಕಾರ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ಕಳ್ಳಿ ಮರಗಳು ಸಾಯುತ್ತಿರುವ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ಲೇಖನ ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಭಾಷೆಯೂ ಸಲೀಸು. ಆದರೆ ಎರಡನೇ ಪುಟಕ್ಕೆ ಬಂದಾಗ ನಿಜಕ್ಕೂ ಸಿಟ್ಟು ಬಂತು. ಅದನ್ನಷ್ಟೇ ಹೇಳುತ್ತೇನೆ.

'ಲಿಂಪೊಪೊದ ಮರಗಳನ್ನು ದುಂಬಿಗಳು ಕೊಂದುಹಾಕಿದವು' ಅಂತ ಶುರು ಮಾಡಿದ್ದೀರಿ. ನಾಲ್ಕು ಸಾಲು ಬಿಟ್ಟು 'ಶಿಲೀಂಧ್ರ ಕೊಂದಿತು'. ಪುಟದ ಕೊನೆಗೆ 'ಬಿಸಿಲೇ ಕೊಂದದ್ದು'. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಓದುವವರಿಗೆ ಬೇಕಾದ್ದು ಅದೇ ಅಲ್ವಾ? ಅಲ್ಲಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಾವಿಗೂ ಏರಿದ ಉಷ್ಣಾಂಶ, ಬದಲಾದ ಮಳೆಗೂ ನಂಟು ಕಂಡಿತು. ಮೊದಲೇ ಸೊರಗಿದ ಮರಕ್ಕೆ ಹುಳು, ಶಿಲೀಂಧ್ರ ಆಮೇಲೆ ಸೇರಿಕೊಂಡಿರಬಹುದು. ಈ 'ಬಹುದು' ನಿಮ್ಮ ಲೇಖನದಲ್ಲಿ ಒಂದು ಕಡೆಯೂ ಇಲ್ಲ. ಅದನ್ನು ಕಿತ್ತರೆ ಸಾಲು ಗಟ್ಟಿಯಾಗಿ ಕೇಳಿಸುತ್ತದೆ, ಆದರೆ ಸುಳ್ಳಾಗುತ್ತದೆ.

ನಾನೂ ಇದೇ ತಪ್ಪು ಮಾಡಿದ್ದೆ. ಮೈಸೂರಿನ ಒಂದು ವಾರಪತ್ರಿಕೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮದ್ದೂರು ಕಡೆಯ ತೋಟವೊಂದರಲ್ಲಿ ತೆಂಗು ಒಣಗುತ್ತಿತ್ತು. ಕಾಂಡದ ತೂತಿನಿಂದ ಕಂದು ಅಂಟು ಸೋರುತ್ತಿತ್ತು, ಕಿವಿಗೊಟ್ಟರೆ ಒಳಗೆ ಕರಕರ ಸದ್ದು. 'ಕೆಂಪು ಮೂತಿ ಹುಳು ತೋಟ ನುಂಗಿತು' ಅಂತ ಬರೆದು ಕೊಟ್ಟೆ. ಹಿರಿಯ ಉಪಸಂಪಾದಕರು ಕೇಳಿದರು: 'ಹುಳು ಮೊದಲೋ, ಗಾಯ ಮೊದಲೋ?' ಮಾರನೇ ದಿನ ಬಸ್ಸು ಹತ್ತಿ ವಾಪಸ್ ಹೋದೆ. ತೋಟದವರು ಗರಿ ತೋರಿಸಿದರು. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಸಾಲಾಗಿ ಹರಿದಿತ್ತು. ಸುಳಿ ಕೊರೆಯುವ ದುಂಬಿ ಮೊದಲೇ ಬಂದು ಹೋಗಿತ್ತು. ಅಂಥ ಗಾಯದ ವಾಸನೆಗೇ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಆ ರಾತ್ರಿ ಇಡೀ ಲೇಖನ ತಿರುಗಿ ಬರೆದೆ.

ಇನ್ನೊಂದು ಮಾತು. ಲಿಂಪೊಪೊದ ಆ ಮರವನ್ನು 'ಪಾಪಾಸುಕಳ್ಳಿಯ ಜಾತಿ' ಅಂದಿದ್ದೀರಿ. ಅಲ್ಲ. ಪಾಪಾಸುಕಳ್ಳಿ ಅಮೆರಿಕ ಕಡೆಯಿಂದ ಬಂದ ಗಿಡ, ಕುಯ್ದರೆ ಹಾಲು ಬರುವುದಿಲ್ಲ. ಆಫ್ರಿಕಾದ ಈ ಮರ ನಮ್ಮ ಹೊಲದ ಬೇಲಿಯ ಹಾಲುಗಳ್ಳಿಗೆ ನೆಂಟ. ಕೊಂಬೆ ಮುರಿದರೆ ಬಿಳಿ ಹಾಲು ಜಿನುಗುತ್ತದೆ. ನಿಮ್ಮೂರಲ್ಲೂ ಇದ್ದೇ ಇರುತ್ತದೆ, ಹೋಗಿ ಹತ್ತಿರದಿಂದ ನೋಡಿ. ಹಾಲು ಕಣ್ಣಿಗೆ ತಾಗದಂತೆ ಮಾತ್ರ ಜೋಪಾನ.

ಎರಡನೇ ಪುಟ ಮಾತ್ರ ತಿದ್ದಿ ಕಳಿಸಿ. ಕಾಯುತ್ತಿರುತ್ತೇನೆ.