ಗ್ಯಾರಿಗೆ ಮಾಡಿದ ದ್ರೋಹ ಅತಿಯಾಯಿತೇ?

ಅಮೆರಿಕದ ರಾಜಕೀಯ ಹಾಸ್ಯ ಧಾರಾವಾಹಿ ‘ವೀಪ್’ನ ಕೊನೆಯ ಎಪಿಸೋಡ್‌ನಲ್ಲಿ ರಾಜಕಾರಣಿ ಸೆಲೀನಾ ತನ್ನ ಆಪ್ತ ಸಹಾಯಕ ಗ್ಯಾರಿಗೆ ಕೈಕೊಟ್ಟಿದ್ದು ಸುಮ್ನೆ ಶಾಕ್ ಕೊಡೋಕೆ ತುರುಕಿದ ಹಾಗಿದೆ ಅಂದಿರಲ್ಲ, ನನಗೆ ಹಾಗನಿಸಲಿಲ್ಲ. (ನೋಡದವರು ಮುಂದೆ ಓದಬೇಡಿ.)

ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಸಮಾವೇಶದಲ್ಲಿ ಅವಳು ಏನೇನು ಮಾರಿಕೊಂಡಳು ನೋಡಿ. ವೋಟಿಗಾಗಿ ಸಲಿಂಗ ವಿವಾಹದ ವಿರುದ್ಧ ನಿಂತಳು. ಅವಳ ಮಗಳೇ ಒಬ್ಬ ಹೆಣ್ಣನ್ನು ಮದುವೆಯಾಗಿದ್ದಾಳೆ! ಯಾರೂ ಸಹಿಸದ ಜೋನಾನನ್ನು ಉಪಾಧ್ಯಕ್ಷ ಅಭ್ಯರ್ಥಿ ಮಾಡಿದಳು. ಇಷ್ಟಾದ ಮೇಲೆ ಉಳಿದಿದ್ದು ಗ್ಯಾರಿ ಒಬ್ಬನೇ ಅಲ್ವಾ? ತನ್ನದೇ ಪ್ರತಿಷ್ಠಾನವಾದ ‘ಮೇಯರ್ ಫಂಡ್’ನ ಹಗರಣವನ್ನು ಅವನ ತಲೆಗೆ ಕಟ್ಟಿದಳು. ಅವಳು ವೇದಿಕೆಯಲ್ಲಿ ಭಾಷಣ ಮಾಡುತ್ತಿರುವಾಗ ಎಫ್‌ಬಿಐನವರು ಅವನನ್ನು ಕರೆದೊಯ್ಯುತ್ತಾರೆ. ಏಳು ಸೀಸನ್ ಅವಳ ಬ್ಯಾಗ್ ಹೊತ್ತವನು. ಗ್ಯಾರಿ ಪಾತ್ರದ ನಟ ಟೋನಿ ಹೇಲ್ ಅಲ್ಲಿ ಮುಖದಲ್ಲೇ ಎಲ್ಲ ಹೇಳಿಬಿಡುತ್ತಾರೆ. ಅಷ್ಟು ಕೊಟ್ಟು ಗೆದ್ದ ಅಧ್ಯಕ್ಷರ ಕಚೇರಿ ಓವಲ್ ಆಫೀಸ್‌ನಲ್ಲಿ ಕೊನೆಗೆ ಅವಳೊಬ್ಬಳೇ.

24 ವರ್ಷ ಮುಂದಕ್ಕೆ ಹೋಗಿ ಸೆಲೀನಾಳ ಅಂತ್ಯಕ್ರಿಯೆ ತೋರಿಸುವ ಭಾಗ ನನಗೆ ಸ್ವಲ್ಪ ಜಾಸ್ತಿ ಅನಿಸಿತು, ಅದು ನಿಜ. ಆದರೆ ಗ್ಯಾರಿ ಬಂದು ಶವಪೆಟ್ಟಿಗೆಯ ಮೇಲೆ ಅವಳ ಲಿಪ್‌ಸ್ಟಿಕ್ ಇಡುವುದಕ್ಕಾದರೂ ಅದು ಬೇಕಿತ್ತು.

ಆ ಎಪಿಸೋಡ್‌ನ ಕಥೆಯಲ್ಲಿ ನಟ ಟಾಮ್ ಹ್ಯಾಂಕ್ಸ್ ಸಾವಿನ ಸುದ್ದಿ ಯಾಕೆ ಬಂತು ಅಂತಲೂ ಕೇಳಿದ್ದಿರಿ. 2012ರ ಮೊದಲ ಎಪಿಸೋಡ್ ಇನ್ನೊಮ್ಮೆ ನೋಡಿ, ಆ ಜೋಕಿನ ಬೀಜ ಅಲ್ಲೇ ಇದೆ.